ದೂರದಿಂದ ಆರಿಸಿದ ಸೈಲೆನ್ಸರ್

ಚಿನ್ನು, ಪುಟ್ಟಿ,

ಮೊನ್ನೆ ಬೆಳಿಗ್ಗೆ ನಿಮ್ಮಮ್ಮ ಕಾರು ಚಾಲೂ ಮಾಡಿ ಬಾಗಿಲು ಹಾಕಲು ಒಳಗೆ ಬಂದಾಗ, ನೀವಿಬ್ಬರೂ ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದಿರಿ. "ಅಜ್ಜೀ, ಕಾರಿನ ಹೊಟ್ಟೇಲಿ ಯಾರೋ ಗುನುಗ್ತಾ ಇದಾರೆ" ಎಂದು ಪುಟ್ಟಿ ಕೂಗಿದಳು. "ಅದು ಕಂಪನೀದಲ್ಲ ಕಣೇ, ಅಜ್ಜಿ ಆರಿಸಿ ಹಾಕ್ಸಿದ್ದು" ಎಂದು ಚಿನ್ನು ದೊಡ್ಡ ಮನುಷ್ಯನಂತೆ ಹೇಳಿದ. ನಾನು ಹೊಗೆ ಕುಡಿಯಬೇಡಿರೆಂದು ಇಬ್ಬರನ್ನೂ ಎಳೆದುಕೊಂಡು ಬಂದೆ. ಆದರೆ ಚಿನ್ನು ಹೇಳಿದ್ದು ಅರ್ಧ ಮಾತ್ರ ನಿಜ. ಉಳಿದರ್ಧವನ್ನು ಹೇಳಬೇಕೆಂದು ಎರಡು ದಿನ ಬಾಯಿ ತೆರೆದೆ, ಮುಚ್ಚಿದೆ. ನಿಮ್ಮಜ್ಜಿಗೆ ಮಾತು ಬರುವುದು ಅಷ್ಟರಲ್ಲೇ ಇದೆ. ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು ನಾನು. ಅಲ್ಲಿಯೂ ಉತ್ತರ ಗೊತ್ತಿದ್ದರೆ ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದೆ, ಎದ್ದು ನಿಂತು ಹೇಳುತ್ತಿರಲಿಲ್ಲ. ಈಗಲೂ ಹಾಗೆಯೇ ಬರೆಯುತ್ತೇನೆ.

ಕಾರಿನ ಕಥೆಗೆ ಮುಂಚೆ ನಿಮ್ಮಮ್ಮನ ಕಿವಿಯ ಕಥೆ ಹೇಳಬೇಕು.

ಅವಳ ಬಲಗಿವಿ ಕೇಳುವುದಿಲ್ಲ ಎಂದು ನಿಮಗೆ ಗೊತ್ತು. ನೀವು ಏನಾದರೂ ಕೇಳಬೇಕಾದಾಗ ಸುತ್ತಿಕೊಂಡು ಎಡಗಡೆಗೆ ಹೋಗುವುದನ್ನು ನೋಡಿದ್ದೇನೆ. ಅವಳು ಆರು ವರ್ಷದವಳಿದ್ದಾಗ ಆ ಕಿವಿ ಸೋರತೊಡಗಿತು. ನಾವಾಗ ಹಿರೇಗುಂಟನೂರಿನ ಹತ್ತಿರ ಹಟ್ಟಿಯಲ್ಲಿದ್ದೆವು. ಎಣ್ಣೆ ಬಿಟ್ಟೆ, ಬೆಳ್ಳುಳ್ಳಿ ಕಾಯಿಸಿ ಬಿಟ್ಟೆ, ಹೀಗೇ ಎರಡು ತಿಂಗಳಾಯಿತು. ಕೊನೆಗೆ ಹೊಳಲ್ಕೆರೆಯಲ್ಲಿ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. "ಎಷ್ಟು ದಿನದಿಂದ ಐತಮ್ಮ?" ಎಂದು ಅವರು ಕೇಳಿದರು. ಕೋಣೆಯ ತುಂಬ ಜನ. ಎರಡು ತಿಂಗಳು ಎಂದರೆ ಬೈಯುತ್ತಾರೆ, ಎಲ್ಲರೂ ತಿರುಗಿ ನೋಡುತ್ತಾರೆ ಎಂದು ಹೆದರಿದೆ. "ಎರಡು ದಿನ" ಎಂದುಬಿಟ್ಟೆ. ಅವರು ಎರಡು ದಿನದ ನೋವಿಗೆ ಕೊಡುವ ಔಷಧಿ ಕೊಟ್ಟು ಕಳಿಸಿದರು. ಮುಂದೆ ಚಿತ್ರದುರ್ಗದ ದೊಡ್ಡ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಕಿವಿ ಹೋಗಿತ್ತು. ನಿಜ ಹೇಳಿದ್ದರೆ ಉಳಿಯುತ್ತಿತ್ತೋ ಇಲ್ಲವೋ, ಯಾರಿಗೆ ಗೊತ್ತು. ನಾನು ಯಾರನ್ನೂ ಕೇಳಲಿಲ್ಲ. ಕೇಳುವುದಕ್ಕೂ ಬಾಯಿ ಬೇಕಲ್ಲ.

ಇಂಥ ಮಗಳು ಬೆಳೆದು ಕಾರಿನ ಹುಚ್ಚಿನವಳಾದಳು. ನಿಮ್ಮಜ್ಜ ತೀರಿಕೊಂಡ ಮರುವರ್ಷ, ಚಿತ್ರದುರ್ಗದ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸಕ್ಕೆ ಹೋಗಿಬರಲು ಈ ಸಣ್ಣ ಕೆಂಪು ಕಾರನ್ನು ಕೊಂಡಳು. ಹೊಳಲ್ಕೆರೆಯ ಈ ಮನೆಗೆ ನಾವು ಬಂದದ್ದೂ ಆಗಲೇ. ನಿಮ್ಮಪ್ಪನಿಗೆ ಹೊಸದುರ್ಗದ ಶಾಲೆಯಲ್ಲಿ ಮೇಷ್ಟರ ಕೆಲಸ; ಅವರಿಗೆ ಬಸ್ಸೇ ಸಾಕು, ಸ್ಟೀರಿಂಗ್ ಹಿಡಿದರೆ ಕೈ ಬೆವರುತ್ತದೆ. ನಿಮ್ಮಮ್ಮ ಹಾಗಲ್ಲ. ಎಡಗಿವಿಯೊಂದರಲ್ಲೇ ಇಂಜಿನ್ನಿನ ಸದ್ದು ಹಿಡಿದು, ಯಾವ ಭಾಗ ಸವೆದಿದೆ ಎಂದು ಹೇಳುತ್ತಿದ್ದಳು.

ನನಗೋ ಅವಳು ಹೊರಟಾಗಿನಿಂದ ಬರುವವರೆಗೂ ಎದೆಯಲ್ಲಿ ಕುಟ್ಟಾಣಿ. ಆ ರಸ್ತೆಯಲ್ಲಿ ಅದಿರು ತುಂಬಿದ ಲಾರಿಗಳು ಓಡಾಡುತ್ತವೆ. ನಿಮ್ಮಜ್ಜ ಸಂಜೆ ಬರುತ್ತೇನೆಂದು ಹೋದವರು ಬಸ್ ನಿಲ್ದಾಣದಲ್ಲೇ ಎದೆ ಹಿಡಿದು ಕೂತು, ಮತ್ತೆ ಬರಲಿಲ್ಲ. ಅಂದಿನಿಂದ ಸಂಜೆಯಾದರೆ ನಾನು ಜಗುಲಿ ಬಿಟ್ಟು ಏಳುವವಳಲ್ಲ.

ಒಂದು ದಿನ ಆ ಕಾರಿನ ಸೈಲೆನ್ಸರ್ ತುಕ್ಕು ತಿಂದು, ರೈಲ್ವೆ ಗೇಟಿನ ಹಳಿ ದಾಟುವಾಗ ಕಳಚಿ ಬಿತ್ತು. ನಿಮ್ಮಮ್ಮ ಅದನ್ನು ತಂತಿಯಲ್ಲಿ ಕಟ್ಟಿಕೊಂಡು, ಇಡೀ ಊರಿಗೆ ಕೇಳುವಂತೆ ಗಡಗಡ ಎನ್ನಿಸುತ್ತ ಮನೆಗೆ ಬಂದಳು. ನಾನು ಹೆದರಿ ಬೀದಿಗೆ ಬಂದರೆ ಅವಳ ಮುಖ ಅರಳಿತ್ತು.

"ಅವ್ವಾ, ಒಳ್ಳೇದೇ ಆತು ಬಿಡು. ಇನ್ನ ಮ್ಯಾಲೆ ಈ ತಗಡು ಬ್ಯಾಡ. ಚಂದ ಸೌಂಡ್ ಬರೋದು ಹಾಕ್ಸಾಣ."

"ಪೊಲೀಸ್ರು ಹಿಡಿಯಲ್ವೇನೇ?"

"ಕಿರುಚೋದಲ್ಲವ್ವ. ಗಂಭೀರಾಗಿ ಬರ್ಬೇಕು. ನೀನೂ ಬಾ. ಗಂಟೆ ಆರ್ಸೋ ಮನೆತನದ ಕಿವಿ ನಿಂದು."

ಗಂಟೆಯ ವಿಷಯ ನಿಮಗೆ ತಿಳಿಯದು. ನನ್ನ ಅಪ್ಪ ಕುರಿ ಕಾಯುತ್ತಿದ್ದ. ಹಿಂಡಿನ ಮುಂದೆ ಹೋಗುವ ಟಗರಿಗೆ ಕಟ್ಟುವ ಗಂಟೆಯನ್ನು ಅವನು ಅಂಗಡಿಯಲ್ಲಿ ನಿಂತು ಕೊಂಡವನೇ ಅಲ್ಲ. ಹಿರಿಯೂರಿನ ಸಂತೆಗೆ ಹೋದರೆ ಐದಾರು ಗಂಟೆಗಳನ್ನು ನನ್ನ ಮಡಿಲಿಗೆ ಹಾಕಿ, "ಆ ಬೇಲಿ ತಂಕ ಹೋಗು, ಒಂದೊಂದೇ ಅಲ್ಲಾಡ್ಸು" ಎನ್ನುತ್ತಿದ್ದ. ತಾನು ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ ಕೂರುತ್ತಿದ್ದ. ಸಂತೆಯ ಗದ್ದಲದಲ್ಲೂ ತೆಳ್ಳಗಾಗಿ ಕಳೆದುಹೋಗದೆ ಬಂದ ಸದ್ದಿಗೆ ಮಾತ್ರ ಕೈ ಎತ್ತುತ್ತಿದ್ದ. ಕತ್ತಲಾದ ಮೇಲೂ, ಗುಡ್ಡದ ಆಚೆಯಿಂದಲೂ ತನ್ನ ಹಿಂಡು ಎಲ್ಲಿದೆಯೆಂದು ಅವನಿಗೆ ತಿಳಿಯಬೇಕಿತ್ತು. ಹತ್ತಿರದಲ್ಲಿ ಎಲ್ಲ ಗಂಟೆಯೂ ಚಂದವೇ, ದೂರ ಹೋದಾಗಲೇ ಅದರ ಬಣ್ಣ ಬಯಲಾಗುವುದು ಎಂದು ಅವನ ಲೆಕ್ಕ. ನನಗೆ ಕಲಿಸಿದ ವಿದ್ಯೆ ಅದೊಂದೇ.

ಚಿತ್ರದುರ್ಗದಲ್ಲಿ ಸೈಲೆನ್ಸರ್ ಕೆಲಸವನ್ನೇ ಮಾಡುವ ಒಬ್ಬ ಸಾಹೇಬರ ಅಂಗಡಿ ಇತ್ತು. ತಲೆಮಾರುಗಳಿಂದ ತಗಡು, ತಾಮ್ರ ಬಡಿದ ಮನೆಯವರು. ಗಡ್ಡ ಬೆಳ್ಳಗಾಗಿತ್ತು, ಕೈಯ ಮೇಲೆಲ್ಲ ವೆಲ್ಡಿಂಗ್ ಕಿಡಿಯ ಚುಕ್ಕೆ. ಗೋಡೆಯ ಮೊಳೆಗಳಲ್ಲಿ ಕೊಳವೆಗಳೂ ಡಬ್ಬಿಗಳೂ ಸೋರೆಕಾಯಿಗಳಂತೆ ತೂಗುತ್ತಿದ್ದವು. ನಾನು ಸೆರಗು ತಲೆಗೆ ಎಳೆದುಕೊಂಡು ಮಗಳ ಹಿಂದೆ ನಿಂತೆ.

"ಬರ್ರಿ ಅಮ್ಮಾ, ಕುಂತ್ಕಳ್ರಿ. ಯಾರಿಗೆ ಬೇಕು ಸೌಂಡು? ನಿಮ್ಗಾ, ಮಗಳಿಗಾ?" ಎಂದು ಸಾಹೇಬರು ನಕ್ಕರು.

"ಇಬ್ರಿಗೂ" ಎಂದಳು ನಿಮ್ಮಮ್ಮ.

"ಮೊದ್ಲೇ ಹೇಳ್ತೀನಿ. ಪಟಪಟ ಪಟಾಕಿ ಥರದ್ದು ನಾನು ಹಾಕಲ್ಲ. ಪೊಲೀಸ್ರು ಕಿತ್ತು ರೋಡ್ ರೋಲರ್ ಕೆಳ್ಗೆ ಹಾಕ್ತಾರೆ. ನನ್ ಕೈಕೆಲ್ಸ ರೊಟ್ಟಿ ಆಗೋದು ನೋಡಕ್ಕೆ ನನ್ಗೆ ಆಗಲ್ಲ."

ಅವರು ಮೂರು ಡಬ್ಬಿ ತೆಗೆದಿಟ್ಟರು. ಒಂದು ಕಂಪನಿಯದರಂತೆಯೇ ಇತ್ತು. ಇನ್ನೊಂದು ಗುಂಡಗೆ, ಬಾಯಿ ಅಗಲ. ಮೂರನೆಯದು ಉದ್ದನೆಯ ಸ್ಟೀಲಿನದು. ಒಳಗೆ ತೂತು ತೂತಿನ ಕೊಳವೆ, ಸುತ್ತಲೂ ಸದ್ದು ಹೀರುವ ಗಾಜಿನ ಎಳೆಯ ಹತ್ತಿ ತುಂಬಿದೆ ಎಂದರು. ಇಂಜಿನ್ನಿನ ಹತ್ತಿರ ಹೊಗೆಯನ್ನು ಶುದ್ಧಮಾಡುವ ಭಾಗವೊಂದಿದೆ, ಅದನ್ನು ಮುಟ್ಟುವ ಹಾಗಿಲ್ಲ, ಬದಲಾಯಿಸುವುದೆಲ್ಲ ಅದರ ಹಿಂದಿನದು ಎಂದೂ ತಿಳಿಸಿದರು.

ಸಾಹೇಬರು ಒಂದೊಂದನ್ನೇ ತಾತ್ಕಾಲಿಕವಾಗಿ ಬಿಗಿದರು, ನಿಮ್ಮಮ್ಮ ಒಳಗೆ ಕೂತು ಇಂಜಿನ್ ಚಾಲೂ ಮಾಡಿದಳು. ನಾನು ಎಡಗಡೆಯ ಕಿಟಕಿಯಿಂದ ಬಗ್ಗಿ ಅವಳಿಗೆ, "ನಾನು ಆ ಹುಣಸೆ ಮರದ ಹತ್ರ ನಿಂತ್ಕಂತೀನಿ" ಎಂದು ಹೇಳಿ ಬೀದಿಯ ತುದಿಗೆ ನಡೆದೆ. ಬೆನ್ನು ತಿರುಗಿಸಿ ಕಣ್ಣು ಮುಚ್ಚಿದೆ. ಮೊದಲನೆಯದು ಬಂದದ್ದೇ ತಿಳಿಯಲಿಲ್ಲ. ಎರಡನೆಯದು ಒಡೆದ ಗಡಿಗೆಯಂತೆ ಬಂತು. ಮೂರನೆಯದು ಬಂದಾಗ ಮೈ ಜುಮ್ಮೆಂದಿತು. ಅದು ನೆಲದಲ್ಲೇ ಹರಿದು ಬಂದಂತೆ, ಆಟೋ ಬೈಕುಗಳ ಸದ್ದಿನ ಕೆಳಗಿನಿಂದ, ಎಲ್ಲೂ ತುಂಡಾಗದೆ ಬಂತು. ಕೈ ಎತ್ತಿದೆ.

ಅಂಗಡಿಗೆ ಹಿಂದಿರುಗಿದಾಗ ಸಾಹೇಬರು ಸೀಸೆಯ ಗಾತ್ರದ ಇನ್ನೊಂದು ಡಬ್ಬಿ ಹಿಡಿದು ನಿಂತಿದ್ದರು. "ಇದು ಪೈಪಿನ ನಡುವಿಗೆ. ಇದಿಲ್ದಿದ್ರೆ ಗಾಡಿ ಓಡುವಾಗ ಒಳಗೆ ಗುಂಯ್ ಅನ್ನುತ್ತೆ." ಅದನ್ನೂ ಸೇರಿಸಿ ಒಮ್ಮೆ ಕೇಳಿಸಿದರು. ನಾನು ಮತ್ತೆ ಮರದ ಹತ್ತಿರ ಹೋದೆ. ಸದ್ದು ಅರ್ಧ ದಾರಿಯಲ್ಲೇ ಇಂಗಿಹೋಯಿತು. ಬೇಡವೆಂದು ಕೈ ಅಲ್ಲಾಡಿಸಿದೆ.

"ಅಮ್ಮಾ, ಒಂದ್ಸಲ ಒಳಗೆ ಕುಂತು ನೋಡ್ರಿ. ಹೊಳಲ್ಕೆರೆ ರೋಡಲ್ಲಿ ಒಂದು ಸುತ್ತು ಹೋಗಾಣ, ನಾನೂ ಬರ್ತೀನಿ" ಎಂದರು ಅವರು.

ಪರಗಂಡಸಿನ ಜೊತೆ ಕಾರಿನಲ್ಲಿ ಕೂತು, ಸದ್ದು ಹೇಗಿದೆ ಎಂದು ಮಾತಾಡುವುದು ನನ್ನಿಂದ ಆಗದ ಕೆಲಸ. "ಬ್ಯಾಡ್ರಿ, ಇದೇ ಇರ್ಲಿ" ಎಂದೆ. ನೆಲ ನೋಡುತ್ತಲೇ ಹೇಳಿದೆ.

"ಸೌಂಡ್ ಬಗ್ಗೆ ಅವ್ವನ ಮಾತೇ ಕೊನೆ" ಎಂದು ನಿಮ್ಮಮ್ಮ ಹೆಮ್ಮೆಯಿಂದ ಹೇಳಿದಳು. ವೆಲ್ಡಿಂಗ್ ಮುಗಿಯಲು ಸಂಜೆಯಾಗುತ್ತದೆ ಎಂದದ್ದರಿಂದ, ನನ್ನನ್ನು ಮೊದಲೇ ಬಸ್ಸು ಹತ್ತಿಸಿ ಮನೆಗೆ ಕಳಿಸಿದಳು.

ಈಗ ನಿಜ ಬರೆಯುತ್ತೇನೆ, ಮಕ್ಕಳೇ. ನಾನು ಅದನ್ನು ಆರಿಸಿದ್ದು ಚಂದವಿದೆ ಎಂದಲ್ಲ, ಎಲ್ಲಕ್ಕಿಂತ ದೂರಕ್ಕೆ ಕೇಳುತ್ತದೆ ಎಂದು. ಆ ಸಂಜೆಯಿಂದಲೇ, ಅವಳು ರೈಲ್ವೆ ಗೇಟಿನ ಆಚೆ ಇರುವಾಗಲೇ ನನಗೆ ತಿಳಿಯತೊಡಗಿತು. ಕುಟ್ಟಾಣಿ ನಿಲ್ಲುತ್ತಿತ್ತು. ಎದ್ದು ಕಾಫಿಗೆ ಇಡುತ್ತಿದ್ದೆ. ಅವಳು ಬಾಗಿಲು ತೆರೆಯುವಷ್ಟರಲ್ಲಿ ಕಾಫಿ ಲೋಟದಲ್ಲಿರುತ್ತಿತ್ತು. ಅವಳೋ ಲ್ಯಾಬಿನವರಿಗೆಲ್ಲ, "ನಮ್ಮವ್ವ ಆರ್ಸಿದ್ದು" ಎಂದು ಹೇಳಿಕೊಂಡು ತಿರುಗಿದಳು.

ಒಂದು ತಿಂಗಳಾಗಿರಬೇಕು, ಅವಳು ಮನೆಗೆ ಬಂದೊಡನೆ ಕಣ್ಣು ಮುಚ್ಚಿ ಕೂರತೊಡಗಿದಳು. ಎಡಗಡೆಯಿಂದ ಕರೆದರೂ ಒಮ್ಮೊಮ್ಮೆ "ಆಂ?" ಎನ್ನುತ್ತಿದ್ದಳು. ಟಿವಿಯ ಸದ್ದು ದಿನದಿನಕ್ಕೆ ಏರಿತು. "ತಲೆ ನೋವೇನೇ?" ಎಂದರೆ, "ಲ್ಯಾಬಲ್ಲಿ ಕೆಲ್ಸ ಜಾಸ್ತಿ ಅವ್ವ" ಎನ್ನುತ್ತಿದ್ದಳು. ಉಳಿದ ಕಿವಿಗೂ ಏನೋ ಆಗುತ್ತಿದೆಯೆಂದು ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಆದರೂ ಕಾರಿನ ಮೇಲೆ ನನಗೆ ಸಂಶಯ ಬರಲಿಲ್ಲ. ನಾನು ಆ ಕಾರನ್ನು ಹೊರಗಿನಿಂದ ಮಾತ್ರ ಕೇಳಿದವಳು.

ಹಿರಿಯೂರಿನಲ್ಲಿ ನಮ್ಮ ನಾದಿನಿಯ ಮೊಮ್ಮಗುವಿಗೆ ಹೆಸರಿಡುವ ಕಾರ್ಯ ಬಂತು. ಪುಟ್ಟಿಗೆ ಜ್ವರವೆಂದು ನಿಮ್ಮಪ್ಪ ಅವಳೊಂದಿಗೆ ಮನೆಯಲ್ಲೇ ಉಳಿದರು. ನಿಮ್ಮಮ್ಮ, ನಾನು, ನನ್ನ ತೊಡೆಯ ಮೇಲೆ ಚಿನ್ನು. ನಾನು ಹಿಂದಿನ ಸೀಟಿನಲ್ಲಿ ಕೂತಿದ್ದೆ. ಚಿತ್ರದುರ್ಗದವರೆಗೆ ಲಾರಿಗಳ ಹಿಂದೆ ನಿಧಾನವಾಗಿ ಹೋದೆವು, ಏನೂ ಅನ್ನಿಸಲಿಲ್ಲ. ಹಿರಿಯೂರಿನ ಕಡೆಯ ದೊಡ್ಡ ರಸ್ತೆಗೆ ಹತ್ತಿ ವೇಗ ಏರಿದ್ದೇ ತಡ, ಕಾರಿನ ಒಳಗೆ ಸದ್ದು ತುಂಬಿಕೊಂಡಿತು. ಕಿರುಚಾಟವಲ್ಲ, ಗುಂಯ್ ಎಂಬ ಒಂದೇ ಸಮನೆ ಒತ್ತಡ. ಹಲ್ಲಿನ ಬೇರಿಗೂ ತಲೆಬುರುಡೆಗೂ ಇಳಿಯುವಂಥದ್ದು. ಚಿನ್ನು ಕಿವಿ ಮುಚ್ಚಿಕೊಂಡ. ನಾನು "ಇದೇನೇ ಹಿಂಗೆ?" ಎಂದು ಕೇಳಿದೆ. ಅವಳಿಗೆ ಕೇಳಲಿಲ್ಲ. ಮತ್ತೆ ಜೋರಾಗಿ ಕೇಳಿದೆ. ಆಗಲೂ ಕೇಳಲಿಲ್ಲ.

ಮುಂದೆ ಜೋಳದ ಸಪ್ಪೆ ಹೇರಿದ ಟ್ರ್ಯಾಕ್ಟರ್ ಹೋಗುತ್ತಿತ್ತು. ಅದನ್ನು ದಾಟಲು ಅವಳು ಕನ್ನಡಿ ನೋಡಿ ಬಲಕ್ಕೆ ಹೊರಳಿಸಿದಳು. ಆ ಹೊತ್ತಿಗೆ ಒಂದು ಬಸ್ಸು ಕನ್ನಡಿಗೆ ಸಿಗದಷ್ಟು ಹತ್ತಿರ, ನಮ್ಮ ಬಲಮಗ್ಗುಲಿಗೇ ಬಂದಿತ್ತು. ಅದು ಹಾರ್ನ್ ಒತ್ತಿಹಿಡಿದಿತ್ತು. ನನಗೆ ಕೇಳುತ್ತಿದೆ, ಅವಳಿಗೆ ಕೇಳುತ್ತಿಲ್ಲ. ಬಲಗಿವಿ ಮೊದಲೇ ಇಲ್ಲ, ಎಡಗಿವಿಯನ್ನು ನಾನು ಆರಿಸಿದ ಸದ್ದು ತುಂಬಿತ್ತು. ನಾನು ಎಂದೂ ಕೂಗದವಳು ಕೂಗಿದೆ. ಕೂಗಿದ್ದು ಸಾಲದೆಂದು ಮುಂದಕ್ಕೆ ಬಾಗಿ ಅವಳ ಎಡತೋಳನ್ನು ಜೋರಾಗಿ ಜಗ್ಗಿದೆ. ಕಾರು ಎಡಕ್ಕೆ ಓಲಾಡಿತು. ಬಸ್ಸು ಗಾಳಿಯನ್ನು ನಮ್ಮ ಮೇಲೆ ಎಸೆದು ಹೋಯಿತು.

ಸ್ವಲ್ಪ ದೂರ ಹೋಗಿ, ಚಹಾದ ಗೂಡಂಗಡಿಯ ಹತ್ತಿರ ಅವಳು ಕಾರು ನಿಲ್ಲಿಸಿದಳು. ಇಂಜಿನ್ ಬಂದ್ ಮಾಡಿದ ಮೇಲೂ ಸದ್ದು ನನ್ನ ತಲೆಯೊಳಗೆ ನಿಲ್ಲಲಿಲ್ಲ. ಚಿನ್ನು, ನೀನು "ಬನ್ನು ಬೇಕು" ಎಂದು ಹಟ ಹಿಡಿದೆ. ಒಳ್ಳೆಯದಾಯಿತು, ಇಬ್ಬರಿಗೂ ಮಾಡಲು ಒಂದು ಕೆಲಸ ಸಿಕ್ಕಿತು.

"ದಿನಾ ಹಿಂಗೇನೇ?" ಎಂದು ಕೇಳಿದೆ.

"ಸ್ಪೀಡಲ್ಲಿ ಹಿಂಗೆ. ಹಾಕ್ಸಿದ ಮಾರನೇ ದಿನದಿಂದ್ಲೇ."

"ಮತ್ತೆ ಹೇಳ್ಬಾರ್ದೇನೇ, ತಾಯಿ?"

"ನೀನು ಆರ್ಸಿದ್ದಲ್ಲವ್ವ. ಸಂಜೆ ಬಂದ್ರೆ ಕಾಫಿ ಮಾಡ್ಕಂಡು ನಗ್ತಾ ನಿಂತಿರ್ತೀಯ. ಅಪ್ಪ ಹೋದ್ಮ್ಯಾಲೆ ನೀನು ನಕ್ಕಿದ್ದು ನಾನು ನೋಡೇ ಇರ್ಲಿಲ್ಲ. ಹೆಂಗೆ ಹೇಳ್ಲಿ?"

ಹೇಳಬೇಕಾದದ್ದನ್ನು ನುಂಗುವುದು ನನ್ನಿಂದಲೇ ಅವಳಿಗೆ ಬಂದಿತ್ತು. ಚಹಾದ ಲೋಟವನ್ನು ಕೆಳಗಿಟ್ಟೆ. ಅಪ್ಪ ಬೇಲಿಯ ಹತ್ತಿರ ನನ್ನನ್ನು ನಿಲ್ಲಿಸುತ್ತಿದ್ದದ್ದು ನೆನಪಾಯಿತು. ಅವನು ದೂರದಲ್ಲಿ ಕೂತು ಮೆಚ್ಚಿದ ಗಂಟೆ, ಅಲ್ಲಾಡಿಸುತ್ತಿದ್ದ ನನ್ನ ಕಿವಿಯಲ್ಲಿ ಸಂಜೆಯವರೆಗೂ ಜೀರಿಡುತ್ತಿತ್ತು. ಅದನ್ನು ನಾನು ಅವನಿಗೆ ಹೇಳಿದವಳಲ್ಲ. ಕುತ್ತಿಗೆಗೆ ಕಟ್ಟಿಸಿಕೊಂಡ ಟಗರಿಗೆ ಅದು ಹೇಗೆ ಕೇಳುತ್ತದೆ ಎಂದು ನಮ್ಮ ಮನೆಯಲ್ಲಿ ಯಾರೂ ವಿಚಾರಿಸಿರಲಿಲ್ಲ.

ಮಾರನೆಯ ದಿನ ನಿಮ್ಮಮ್ಮನನ್ನು ಬಸ್ಸಿಗೆ ಹೋಗೆಂದು ಹೇಳಿ, ಕಾರಿನ ಕೀಲಿಯನ್ನು ಅಕ್ಕಿ ಡಬ್ಬಿಯಲ್ಲಿ ಹಾಕಿದೆ. ಅವಳು ಹೋದ ಮೇಲೆ ನಾನೂ ಬಸ್ಸು ಹತ್ತಿದೆ. ಚಿತ್ರದುರ್ಗಕ್ಕೆ ಒಬ್ಬಳೇ ಹೋದದ್ದು ಅದೇ ಮೊದಲು. ಕಿಟಕಿಯ ಪಕ್ಕ ಕೂತು ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದೆ. ನಿಮ್ಮ ತಪ್ಪಲ್ಲ, ನನ್ನ ತಪ್ಪು. ನನ್ನ ಮಗಳಿಗೆ ಒಂದೇ ಕಿವಿ. ನಡುವಿನ ಡಬ್ಬಿ ಹಾಕಿಕೊಡಿ. ಇಷ್ಟೇ ಮಾತು. ಬೆಟ್ಟದ ಮೇಲಿನ ಗಾಳಿಯಂತ್ರಗಳು ಕಾಣಿಸಿಕೊಳ್ಳುವ ಹೊತ್ತಿಗೆ ಅದೂ ಮರೆತಂತಾಗಿ ಮತ್ತೆ ಮೊದಲಿನಿಂದ ಹೇಳಿಕೊಂಡೆ.

ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಡಾಕ್ಟರ ಕೋಣೆಯೇ ಕಣ್ಣಿಗೆ ಕಟ್ಟಿತು. ಹುಣಸೆ ಮರದ ಹತ್ತಿರವೇ ನಿಂತುಬಿಟ್ಟೆ. ಅವರೆಲ್ಲ ಹೋಗಲಿ ಎಂದುಕೊಂಡೆ. ಒಬ್ಬರು ಹೋದರೆ ಇನ್ನೊಬ್ಬರು ಬಂದರು. ಕೊನೆಗೆ ಸಾಹೇಬರೇ ನೋಡಿ ಕರೆದರು. "ಯಾಕಮ್ಮ, ಇವತ್ತೂ ಅಲ್ಲಿಂದಾನೇ ಕೇಳಿಸ್ಕಂತೀರಾ? ಗಾಡಿನೇ ಇಲ್ವಲ್ಲ!" ಎಲ್ಲರೂ ನಕ್ಕರು, ಎಲ್ಲರೂ ತಿರುಗಿ ನೋಡಿದರು.

ಬಾಯಿಪಾಠ ಮಾಡಿದ್ದು ಒಂದೂ ನೆನಪಾಗಲಿಲ್ಲ. ಅಷ್ಟು ಜನರ ಎದುರಿಗೇ, "ನಾನು ತಪ್ಪು ಆರ್ಸಿದೆ ಸಾಹೇಬ್ರೇ. ನನ್ ಮಗಳಿಗೆ ಬಲಗಿವಿ ಕೇಳಲ್ಲ. ಅದ್ನ ನಿಮ್ಗೆ ಹೇಳ್ಲಿಲ್ಲ. ನಿನ್ನೆ ಮೂರು ಜೀವ ಹೋಗ್ತಿದ್ವು" ಎಂದುಬಿಟ್ಟೆ. ನನ್ನ ದನಿ ನನಗೇ ಬೇರೆಯವರದೆಂಬಂತೆ ಕೇಳಿತು.

ಅವರ ನಗು ನಿಂತಿತು. ಕೈಯೊರೆಸಿಕೊಂಡು, ಮೊಳೆಯಿಂದ ಆ ಸೀಸೆಯ ಗಾತ್ರದ ಡಬ್ಬಿಯನ್ನು ತೆಗೆದು ನನ್ನ ಮುಂದಿಟ್ಟರು. "ಅವತ್ತು ನಾನೂ ಇನ್ನೊಂದ್ಸಲ ಹೇಳ್ಬೇಕಿತ್ತು. ಮಗಳ್ನ ಕರ್ಕಂಡ್ ಬರ್ರಿ. ಈ ಸಲ ಮರದ ಹತ್ರ ಹೋಗೋ ಹಂಗಿಲ್ಲ, ಏನಮ್ಮ?"

ಭಾನುವಾರ ನಿಮ್ಮಮ್ಮನೂ ನಾನೂ ಹೋದೆವು. ಡಬ್ಬಿ ಸೇರಿಸಿದ ಮೇಲೆ ನಿಮ್ಮಮ್ಮ ಓಡಿಸಿದಳು, ಸಾಹೇಬರು ಮುಂದೆ ಕೂತರು, ನಾನು ಅವಳ ಹಿಂದೆ ಕೂತೆ. ಅದೇ ಹಿರಿಯೂರಿನ ರಸ್ತೆ, ಅದೇ ವೇಗ. ಪರೀಕ್ಷೆ ನಾನೇ ಹುಡುಕಿದ್ದು: ಮನೆಯಲ್ಲಿ ಮಾತಾಡುವಷ್ಟೇ ದನಿಯಲ್ಲಿ ನಾನು ಒಂದು ಕಾಳಿನ ಹೆಸರು ಹೇಳಬೇಕು, ಅವಳು ತಿರುಗದೆ ಅದನ್ನೇ ಹೇಳಬೇಕು.

"ಹೆಸರುಕಾಳು" ಎಂದೆ.

"ಏನು?"

ಸಾಹೇಬರು ತಲೆಯಾಡಿಸಿದರು. ಸದ್ದು ಕಮ್ಮಿಯಾಗಿತ್ತು, ಸಾಲದಾಗಿತ್ತು. ವಾಪಸು ಬಂದು ಕೊನೆಯ ಉದ್ದನೆಯ ಡಬ್ಬಿಯನ್ನೂ ತೆಗೆದು, ಅದೇ ಬಗೆಯ ಇನ್ನೂ ದಪ್ಪನೆಯದನ್ನು ಹಾಕಿದರು. ಮತ್ತೆ ಹೊರಟೆವು.

"ಅಲಸಂದೆ."

"ಅಲಸಂದೆ!"

"ಹುರುಳಿ."

"ಹುರುಳಿ. ಅವ್ವಾ, ಸಾಕು, ಸಾಹೇಬ್ರಿಗೆ ಹಸಿವಾಗ್ತತೆ."

ಆಗ ನಮ್ಮ ಹಿಂದೆ ಯಾರೋ ಹಾರ್ನ್ ಮಾಡಿದರು. ನಾನು ಬಾಯಿ ತೆರೆಯುವ ಮೊದಲೇ ಅವಳು ಕನ್ನಡಿ ನೋಡಿ ಎಡಕ್ಕೆ ಸರಿದು ದಾರಿ ಕೊಟ್ಟಳು. "ಸೌಂಡ್ ಹೆಂಗಮ್ಮ, ಚಂದ ಐತಾ?" ಎಂದು ಸಾಹೇಬರು ಕೇಳಿದರು. ಅವರು ಕೇಳಿದ್ದು ನನ್ನನ್ನು. ನಾನು ಮಗಳ ಕಡೆ ಕೈ ತೋರಿಸಿದೆ. "ಮೆತ್ತಗೈತೆ, ಆದ್ರೆ ಗಂಭೀರಾಗೈತೆ" ಎಂದಳು ಅವಳು. ಅದೇ ಈಗ ಪುಟ್ಟಿಗೆ ಗುನುಗಿದಂತೆ ಕೇಳುವ ಸದ್ದು.

ಅದು ರೈಲ್ವೆ ಗೇಟಿನಿಂದ ನನ್ನವರೆಗೆ ಬರುವುದಿಲ್ಲ. ಕಾರು ನಮ್ಮ ಬೀದಿಗೆ ತಿರುಗಿದ ಮೇಲೆಯೇ ಕೇಳುತ್ತದೆ. ಅಲ್ಲಿಯವರೆಗೆ ಕುಟ್ಟಾಣಿ ಮೊದಲಿನಂತೆಯೇ ಕುಟ್ಟುತ್ತದೆ. ಕಾಫಿ ತಡವಾಗುತ್ತದೆ, ಅವಳು ಕೈಕಾಲು ತೊಳೆದು ಬಂದು ಕಾಯಬೇಕು. "ಯಾಕವ್ವ, ಈಗೀಗ ನಿನ್ ಕಾಫಿ ಲೇಟು?" ಎಂದು ರೇಗಿಸುತ್ತಾಳೆ. ನಾನು ಸಂಜೆ ಜಗುಲಿಯಲ್ಲಿ ಕೂತಾಗ ನೀವು ಆಡಲು ಕರೆದರೂ ಏಳದಿರುವುದು ಅದಕ್ಕೇ, ಮಕ್ಕಳೇ. ಮುನಿಸಲ್ಲ.

ಅಂಗಡಿಯಲ್ಲಿ ಅಷ್ಟು ಜನರ ಮುಂದೆ ಬಾಯಿ ಬಿಟ್ಟವಳಿಗೆ, ಆ 'ಎರಡು ದಿನ'ದ ಮಾತನ್ನು ಮಗಳಿಗೆ ಹೇಳಲು ಇನ್ನೂ ಆಗಿಲ್ಲ. ಹಿರಿಯೂರಿನ ದಾರಿಯಲ್ಲಿ ಚಹಾ ಕುಡಿಯುವಾಗ ನಾಲಿಗೆಯ ತುದಿಗೆ ಬಂದಿತ್ತು. ಭಾನುವಾರ ಅಲಸಂದೆ, ಹುರುಳಿ ಎನ್ನುವಾಗಲೂ ಬಂದಿತ್ತು. ಈಗ ಬರೆದಿದ್ದೇನೆ.

ಈ ಹಾಳೆಗಳನ್ನು ಕಪಾಟಿನಲ್ಲಿ ಇಡಬೇಡಿ. ಕಾರಿನ ಮುಂದಿನ ಖಾನೆಯಲ್ಲಿ, ಗಾಡಿಯ ಕಾಗದಗಳಿರುವ ಪ್ಲಾಸ್ಟಿಕ್ ಚೀಲದೊಳಗೆ, ನೀರು ತಾಗದಂತೆ, ಮಡಿಕೆ ಹರಿಯದಂತೆ ಇಡಿ. ಈ ಸೈಲೆನ್ಸರೂ ಒಂದು ದಿನ ತುಕ್ಕು ಹಿಡಿಯುತ್ತದೆ. ಆಗ ಹೊಸದನ್ನು ಆರಿಸುವವರು ಓದಲಿ, ಮರದ ಹತ್ತಿರ ಹೋಗದೆ ಒಳಗೆ ಕೂತು ಕೇಳಲಿ. ಅದಕ್ಕೂ ಮುಂಚೆ ಯಾವುದಾದರೂ ಕಾಗದ ಹುಡುಕುವಾಗ ನಿಮ್ಮಮ್ಮನ ಕೈಗೆ ಸಿಕ್ಕಿದರೆ, ಓದಬೇಡವೆಂದು ಕಿತ್ತುಕೊಳ್ಳಬೇಡಿ. ಅವಳು ಓದಿ ಮುಗಿಸಿದ ಮೇಲೆ ಮತ್ತೆ ಅಲ್ಲೇ ಜೋಪಾನವಾಗಿ ಇಡಿ.